ಕೋದಂಡಪ್ಪನ ಗಡ್ಡದ ಭಾಷಣ

ಉರಿಗಾಂನಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುವ ಕೋದಂಡಪ್ಪ ಗಡ್ಡ ಬಿಟ್ಟಿದ್ದು ಭಾಷಣಕ್ಕಾಗಿ. ಗಡ್ಡ, ಬಿರುಗೂದಲು ಇವುಗಳ ಇಂಗ್ಲಿಷ್ ಪದಗಳು ಎಲ್ಲಿಂದ ಹುಟ್ಟಿದವು ಅನ್ನುವುದು ವಿಷಯ. ಇಂಥ ವಿಷಯ ಮಾತಾಡುವವನ ಮುಖ ನುಣ್ಣಗಿದ್ದರೆ ಯಾರು ನಂಬುತ್ತಾರೆ? ನಂಬುವುದು ಹಾಗಿರಲಿ, ಬರುವವರಾದರೂ ಯಾರು? ಕಳೆದ ಸಲ ರಾಬರ್ಟ್‌ಸನ್‌ಪೇಟೆಯ ಸಂಘದ ಭವನದಲ್ಲಿ ಅವನ ಮಾತು ಕೇಳಿದ್ದು ಬರೀ ಖಾಲಿ ಕುರ್ಚಿಗಳು. ಒಂಟಿ ಜೀವ, ಮನೆಯಲ್ಲಿ ಮಾತಿಗೆ ಒಂದು ಬೆಕ್ಕೂ ಇಲ್ಲ. ಇವತ್ತು ಒಬ್ಬರಾದರೂ ಬಂದು ಕೂತು ಕೇಳಲಿ ಅನ್ನುವುದಷ್ಟೇ ಅವನ ಆಸೆ.

ಬೆಳಿಗ್ಗೆ ನೀರು ಹಿಡಿಯುತ್ತಿದ್ದ ಪಕ್ಕದ ಮನೆಯ ಆದಿಲಕ್ಷ್ಮಮ್ಮ ಕೊಡ ಕೆಳಗಿಟ್ಟಳು.

“ಯಾಕ್ ಸಾರ್, ಇಂಗೆ ಗಡ್ಡ ಬಿಟ್ಕಂಡಿದ್ದೀರಾ?”

ಈಗಲೇ ಹೇಳಿಬಿಟ್ಟರೆ ಸಂಜೆ ಯಾರು ಬರುತ್ತಾರೆ? ಕೋದಂಡಪ್ಪ ಮುಖ ಗಂಭೀರ ಮಾಡಿಕೊಂಡ. “ಈಗ ಬೇಡಮ್ಮ. ಸಂಜೆ ಸಂಘದ ಭವನಕ್ಕೆ ಬನ್ನಿ. ಎಲ್ಲಾ ಅಲ್ಲೇ ಹೇಳ್ತೀನಿ.”

“ಅಯ್ಯೋ ಸಿವನೇ!” ಅಂದಳು ಆಕೆ. ಸ್ವಲ್ಪ ಹೊತ್ತಿಗೆ ತಟ್ಟೆ ತುಂಬ ಇಡ್ಲಿ ತಂದಿಟ್ಟು, “ಒಲೆ ಅಚ್ಚಬೇಡಿ ಸಾರ್,” ಎಂದು ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಾ ಹೋದಳು. ವಿದ್ಯೆಗೆ ಇಷ್ಟು ಮರ್ಯಾದೆಯೇ ಅಂತ ಕೋದಂಡಪ್ಪ ಒಂದೂ ಬಿಡದೆ ತಿಂದ.

ದಿನಾ ಗೇಲಿ ಮಾಡುತ್ತಿದ್ದ ಟೀ ಅಂಗಡಿ ನಾಗೇಶ್ ಇವತ್ತು ಎದ್ದು ನಿಂತ. “ದೈರ್ಯವಾಗಿರಿ ಸಾರ್. ನಾವೆಲ್ಲಾ ಬತ್ತೀವಿ.”

“ನಿಜವಾಗ್ಲೂ?”

“ಅಂಗಡಿ ಮುಚ್ಕಂಡು ಬತ್ತೀವಿ. ಇಂಥ ಟೈಮಲ್ಲಿ ಬರ್ದೆ ಇನ್ಯಾವಾಗ?”

ಭಾಷಣದ ಭಯಕ್ಕೆ ಧೈರ್ಯ ಹೇಳುತ್ತಿದ್ದಾನೆ ಎಂದುಕೊಂಡ ಪುಣ್ಯಾತ್ಮ.

ಸಂಜೆ ಭವನ ಗಿಜಿಗುಟ್ಟುತ್ತಿತ್ತು. ತುಂಬಿದ ಕುರ್ಚಿಗಳನ್ನು ಕಂಡು ಕೋದಂಡಪ್ಪ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡ. “ಅತ್ತುಬಿಡಿ ಸಾರ್, ಅಗುರಾಗ್ತದೆ,” ಎಂದರು ಯಾರೋ. ಆಮೇಲೆ ಕಟ್ಟೆ ಒಡೆಯಿತು ನೋಡಿ! ಬ್ರಿಸಲ್ ಪದದ ಅಜ್ಜ ಹಳೆ ಇಂಗ್ಲಿಷಿನ ಬುರ್ಸ್ಟ್, ಹಂದಿಯ ಬಿರುಗೂದಲು. ಬಾರ್ಬರ್ ಬಂದದ್ದು ಬಾರ್ಬಾದಿಂದ, ಲ್ಯಾಟಿನ್ನಿನಲ್ಲಿ ಹಾಗಂದರೆ ಗಡ್ಡ. ಹಾರರ್ ಅಂದರೆ ಮೂಲದಲ್ಲಿ ಕೂದಲು ನೆಟ್ಟಗಾಗುವುದು. ಜನ ತಲೆಬಾಗಿ ಕೇಳಿದರು. ಹೆಂಗಸರು ಹಂದಿಯ ಬಿರುಗೂದಲಿಗೂ ಕಣ್ಣೊರೆಸಿಕೊಂಡರು. ಅವನಿಗೆ ಜನ್ಮ ಸಾರ್ಥಕ ಅನ್ನಿಸಿತು.

“ಏನಾದ್ರೂ ಕೇಳೋದಿದ್ಯಾ?”

ಆದಿಲಕ್ಷ್ಮಮ್ಮ ಎದ್ದಳು. “ಈಗ್ಲಾದ್ರೂ ಯೇಳಿ ಸಾರ್, ತೀರ್ಕಂಡೋರು ಯಾರು?”

ಸೂತಕದ ಗಡ್ಡ! ಕೋದಂಡಪ್ಪನಿಗೆ ಆಗ ಹೊಳೆಯಿತು.

“ಯಾರೂ ಸತ್ತಿಲ್ಲಮ್ಮ. ಸಾಯೋಕೆ ನನಗೆ ಯಾರಿದ್ದಾರೆ?”

ನಾಗೇಶ್ ರೇಗಿದ. “ಯಾರೂ ಸಾಯ್ದಲೇ ಇಷ್ಟೊತ್ತು ಕೂರಿಸಿದ್ರಾ? ಯಾಪಾರ ಬಿಟ್ಟು ಬಂದೀವಿ!” ಬೈದುಕೊಳ್ಳುತ್ತಾ ಎಲ್ಲರೂ ಎದ್ದು ನಡೆದರು. ಉಳಿದವನು ಕಟಿಂಗ್ ಶಾಪಿನ ಸೆಲ್ವರಾಜ್ ಒಬ್ಬನೇ.

“ನೀವಾದ್ರೂ ಉಳಿದ್ರಲ್ಲ ಸೆಲ್ವರಾಜ್!” ಕೋದಂಡಪ್ಪನಿಗೆ ಅಳು ಬಂದಂತಾಯಿತು.

ಸೆಲ್ವರಾಜ್ ಹತ್ತಿರ ಬಂದು ಅವನ ಭುಜ ಹಿಡಿದ. “ಪಾವಂ ಸಾರ್ ನೀವು. ದುಃಖ ಜಾಸ್ತಿ ಆದ್ರೆ ಮನ್ಸ ಯಾರೂ ಸತ್ತಿಲ್ಲ ಅಂತಾನೇ ಯೇಳ್ತಾನೆ. ಎಷ್ಟು ಜನಾನ ನೋಡಿಲ್ಲ ನಾನು! ಯೇಳಿ, ಕರ್ಮಕ್ಕೆ ತಲೆ ಬೋಳ್ಸೋಕೆ ಯಾವತ್ತು ಬರ್ಲಿ?”

ಕೋದಂಡಪ್ಪ ಖಾಲಿ ಕುರ್ಚಿಗಳ ಕಡೆ ನೋಡಿದ. ನಿಜ ಹೇಳಿದರೆ ಇವನೂ ಹೋಗುತ್ತಾನೆ.

“ಭಾನುವಾರ ಬನ್ನಿ,” ಎಂದ. “ಬೆಳಿಗ್ಗೇನೇ ಬಂದ್ಬಿಡಿ. ನಿಧಾನವಾಗಿ ಬೋಳಿಸಿದ್ರೆ ಸಾಕು.”