ಗುಬ್ಬಿ ಮನಿಗೆ ಗಟ್ಟಿ ಕಟ್ಟಿಗಿ

ಮೊದಲು ಅಪ್ಪ ಕುಂದರ್ತಿದ್ದ, ಈಗ ಗುಬ್ಬಿ ಸಂಸಾರ ಮಾಡತೈತಿ. ಏನದು? ತಲಿ ಕೆರ್ಕೋಬ್ಯಾಡ್ರಿ, ನಿಮಗ ಬರೂದಿಲ್ಲ. ನಾ ಗರಗಸ ಹಿಡದೆ ಅಂದ್ರ ನಮ್ಮ ಮನ್ಯಾಗ ಇಂಥಾದ್ದೇನರ ಆಗೇ ಆಗತೈತಿ!

ಅಮೀರ್‌ಪೇಟ್‌ನ್ಯಾಗ ನಮ್ಮ ಮನಿ ಗ್ವಾಡಿಗೆ ಒಂದು ತೂತಿತ್ತು. ಪ್ರತಿ ವರ್ಷ ಅದರಾಗ ಒಂದು ಜೋಡಿ ಗುಬ್ಬಿ ಗೂಡು ಕಟ್ಟತಿದ್ವು. ಈ ಸಲ ಎಸಿ ಹಾಕಾಕ ಬಂದಾಂವ ಅದರಾಗ ಪೈಪ್ ತೂರಿಸಿ ಸಿಮೆಂಟ್ ಮೆತ್ತಿಬಿಟ್ಟ. ಗುಬ್ಬಿ ಎರಡೂ ವೈರ್ ಮ್ಯಾಲೆ ಕೂತು ನಮ್ಮನ್ನ ಬೈಯಾಕತ್ತಿದ್ವು. ಅಜ್ಜಿ ಹೇಳಿಬಿಟ್ಟಳು, "ಅವಕ್ಕ ಮನಿ ಆಗೂತನಕ ನನಗ ಚಾ ಬ್ಯಾಡ."

ಚಾ ಇಲ್ಲದ ಅಜ್ಜಿ ಗುಬ್ಬಿಗಿಂತ ಜೋರು ಬೈತಾಳ. ಗುಬ್ಬಿಗೆ ಗೂಡಿನ ಡಬ್ಬಿ ಮಾಡೂದು ನನ್ನ ಪಾಲಿಗೆ ಬಂತು. ಭಾಳ ಜೋಶ್ ಬಂತು ನಂಗ!

ಪ್ಲೈವುಡ್

ನಾಂಪಲ್ಲಿ ಎಕ್ಸಿಬಿಷನ್ ಮುಗದ ಮ್ಯಾಲೆ ಅಂಗಡ್ಯಾವ್ರು ಒಗದ ಪ್ಲೈವುಡ್ ತಂದು, ಡಬ್ಬಿ ಮಾಡಿ, ಗ್ವಾಡಿಗೆ ಬಡದೆ. ಮರುದಿನ ಮ್ಯಾಲಿನ ಟ್ಯಾಂಕ್ ತುಂಬಿ ಹರೀತು. ಡಬ್ಬಿ ನೆನದು ಉಬ್ಬಿ, ಚಿರೋಟಿಗತೆ ಪದರ ಪದರ ಬಿಚ್ಚಿತು.

ಅಕ್ಕ ಅಂದಳು, "ಮನಿ ಕಟ್ಟಲೇ ಅಂದ್ರ ಸ್ವೀಟ್ ಮಾಡೀಯಲ್ಲೋ. ಸಕ್ರಿ ಉದುರಿಸ್ಲೇನು?"

ಜೀಡಿಮೆಟ್ಲಾ ಪೆಟ್ಟಿಗಿ

ಮಾಮಾ ಜೀಡಿಮೆಟ್ಲಾದ ಔಷಧ ಫ್ಯಾಕ್ಟರ್ಯಾಗ ಕೆಲಸ ಮಾಡ್ತಾನ. ಔಷಧದ ಡ್ರಮ್ ಬಂದಿದ್ದ ಕಟ್ಟಿಗಿ ಪೆಟ್ಟಿಗಿ ಹೊತ್ಕೊಂಡು ಬಂದ. "ಇದಕ್ಕ ಹುಳಾ ಹತ್ತೂದಿಲ್ಲ ನೋಡಲೇ!"

ಹತ್ತಲಿಲ್ಲ, ಖರೇನ. ಅದರ ವಾಸನಿಗೆ ಗುಬ್ಬಿ ಹತ್ರ ಸುಳೀಲಿಲ್ಲ, ಓಣ್ಯಾಗಿನ ಸೊಳ್ಳಿನೂ ಓಡಿಹೋದ್ವು. ಸಂಜಿಗೆ ಬಾಜೂ ಮನಿ ಆಂಟಿ ಬಂದ್ರು, "ನಮಗೂ ಒಂದು ಮಾಡಿಕೊಡಪಾ, ಬೆಡ್‌ರೂಮಿಗೆ."

ಸಾಗವಾನಿ

ಕಡೀಕ ಓಣಿ ತುದಿ ಬಡಿಗೇರ ಕಾಕಾನ್ನ ಕೇಳಿದೆ. "ಬಿಸಲು ನೀರು ತಡ್ಯಾಕ ಸಾಗವಾನಿ ಬೇಕು. ಆದ್ರ ಗುಬ್ಬಿ ಸಲುವಾಗಿ ಹೊಸಾ ಗಿಡಾ ಕಡಿಸಬ್ಯಾಡ, ಹಳೇದು ಹುಡುಕು. ಪಾಲಿಶ್ ಬಡದಿದ್ದು ಬ್ಯಾಡ" ಅಂದ.

ಹಳೇ ಸಾಗವಾನಿ, ಪಾಲಿಶ್ ಇಲ್ಲ. ನಮ್ಮ ಮನ್ಯಾಗೇ ಐತಲ್ಲ!

ಯುಗಾದಿ ದಿನ ಅಪ್ಪ ಧೋತರ ಉಟ್ಟು ಹೋಳಿಗಿ ಊಟಕ್ಕ ಬಂದ. "ನನ್ನ ಮಣಿ ಎಲ್ಲಿ?" ಮದುವ್ಯಾಗ ಅಳಿಯಾ ಅಂತ ಬೀಗರು ಕೊಟ್ಟ ಸಾಗವಾನಿ ಮಣಿ ಅದು. ಹಬ್ಬದ ದಿನ ಅದರ ಮ್ಯಾಲೆ ಕೂತರನ ಅವನಿಗೆ ತುತ್ತು ಇಳಿಯೂದು.

ಅಜ್ಜಿ ಹೊರಗಿನ ಗ್ವಾಡಿ ತೋರಿಸಿದಳು. ಅಲ್ಲಿ ಮಣಿ ಹೋಗಿ ಡಬ್ಬಿ ಆಗಿತ್ತು. ಗೃಹಪ್ರವೇಶ ಅಂತ ಅಜ್ಜಿ ಅದಕ್ಕ ಕುಂಕುಮ ಹಚ್ಚಿ ಮಾವಿನ ತೋರಣಾನೂ ಕಟ್ಟಿದ್ದಳು.

"ಮಗನ, ನನ್ನ ಮಣಿನೇ ಬೇಕಿತ್ತೇನೋ ನಿನಗ?"

"ಇಷ್ಟು ವರ್ಷ ನಿನ್ನ ಭಾರ ತಡದೈತಿ ಅಪ್ಪಾ, ಎರಡು ಗುಬ್ಬಿ ತಡಿಯೂದಿಲ್ಲೇನು?"

ಅಪ್ಪ ಬಾಗಲದಾಗಿನ ಚಪ್ಪಲಿ ಎತ್ತಿದ. ಅಷ್ಟರಾಗ ಗುಬ್ಬಿ ಬಾಯಾಗ ಹುಲ್ಲಿನ ಎಳಿ ಹಿಡ್ಕೊಂಡು ಪುರ್ರಂತ ಬಂತು, ತೋರಣದ ಕೆಳಗ ನುಸದು ಡಬ್ಬಿ ಒಳಗ ಹೋತು! ಅಜ್ಜಿ ಕುಣದಾಡಿದಳು, "ಚಾ ಇಡ್ರೇ, ಎರಡು ಕಪ್!" ಅಪ್ಪನ ಕಣ್ಣು ತುಂಬಿದ್ವು. "ಇರಲಿ ಬಿಡೋ, ಅವೂ ಅಳಿಯಾ-ಮಗಳು ಇದ್ದಂಗ" ಅಂದು ಚಪ್ಪಲಿ ಕೆಳಗ ಇಟ್ಟ.

ಖರೇ ಹೇಳ್ಲೇನು? ಈ ಕಡೀ ತುಂಡು ನಾ ಕಟ್ಟಿ ಹೇಳಿದ್ದು. ಗುಬ್ಬಿ ಬಂದದ್ದು ಖರೇ, ಅಜ್ಜಿ ಎರಡು ಕಪ್ ಚಾ ಕುಡದದ್ದೂ ಖರೇ. ಅಪ್ಪ ಚಪ್ಪಲಿ ಕೆಳಗ ಇಟ್ಟಿದ್ದು ಮಾತ್ರ ಸುಳ್ಳು.