ನಲವತ್ತಕ್ಕೊಂದು ಝಟಕಾ

ಐವತ್ತೆರಡನೆಯ ವಯಸ್ಸಿನಲ್ಲಿ ಕಾರು ಕಲಿಯುವವರಿಗೆ ಒಂದು ಅನುಕೂಲವಿದೆ. ಅವರಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ. ಕಾರು ಗೇಟಿಗೆ ತಾಗದೆ ಹೊರಗೆ ಬಂದರೆ ಓಣಿಯವರು ಮೆಚ್ಚುತ್ತಾರೆ. ತಾಗಿದರೆ, ಗೇಟು ಮೊದಲಿನಿಂದಲೂ ಸಣ್ಣದೇ ಇತ್ತು ಎನ್ನುತ್ತಾರೆ. ಇಂಥ ಔದಾರ್ಯದ ನೆರಳಿನಲ್ಲಿ ನಾನು ಎರಡು ವರ್ಷ ಸುಖವಾಗಿ ಕಾರು ಓಡಿಸಿದೆ. ನನ್ನ ಮನೆ ಸವದತ್ತಿಯಲ್ಲಿ, ಕೆಲಸ ಕಟಕೋಳದ ಹೈಸ್ಕೂಲಿನಲ್ಲಿ. ನಾನು ಅಲ್ಲಿ ಮುಖ್ಯೋಪಾಧ್ಯಾಯಿನಿ. ಕಾರು ಬರುವುದಕ್ಕೆ ಮುಂಚೆ ಬಸ್ಸಿನಲ್ಲಿ ಎಷ್ಟು ವರ್ಷ ನಿಂತು ಪ್ರಯಾಣ ಮಾಡಿದ್ದೆನೆಂದರೆ, ಮನೆಯಲ್ಲಿ ಚಹಾ ಕುಡಿಯುವಾಗಲೂ ಒಂದು ಕೈ ತಾನಾಗಿ ಮೇಲಕ್ಕೆದ್ದು ಹಿಡಿಕೆ ಹುಡುಕುತ್ತಿತ್ತು.

ಕಾರು ಕಲಿಯಲು ಹೋದಾಗ ನನಗೆ ಮೊದಲ ದಿನವೇ ತೊಡಕಾದದ್ದು ಕ್ಲಚ್ಚು. ಅದನ್ನು ಮೆಲ್ಲಗೆ ಬಿಡಬೇಕಂತೆ. ನಾನು ಬಿಟ್ಟರೆ ಪೂರ್ತಿ ಬಿಡುತ್ತಿದ್ದೆ, ಇಲ್ಲವಾದರೆ ಬಿಡುತ್ತಲೇ ಇರಲಿಲ್ಲ. ಇಪ್ಪತ್ತು ದಿನ ನನ್ನ ಪಕ್ಕದಲ್ಲಿ ಕುಳಿತ ಡ್ರೈವಿಂಗ್ ಸ್ಕೂಲಿನವರು ಇಪ್ಪತ್ತೊಂದನೆಯ ದಿನ ಕೈಮುಗಿದು, "ಮೇಡಮ್ಮರ, ನಿಮಗ ಗೇರಿಲ್ಲದ ಗಾಡೀನ ಚಲೋ" ಎಂದರು. ನಮ್ಮ ಮನೆಯವರು, ಅಂದರೆ ನನ್ನ ಯಜಮಾನರು, ಬೀಜ ಗೊಬ್ಬರದ ಅಂಗಡಿ ಇಟ್ಟವರು. ಅಂಗಡಿಗೆ ಬರುವ ನಾಲ್ಕು ಮಂದಿಯನ್ನು ವಿಚಾರಿಸಿ, ಬೈಲಹೊಂಗಲದ ಒಬ್ಬ ಡಾಕ್ಟರ ಬಳಿ ಹದಿನಾಲ್ಕು ವರ್ಷದ ಆಟೋಮ್ಯಾಟಿಕ್ ಕಾರೊಂದು ಮಾರಾಟಕ್ಕಿರುವುದನ್ನು ಪತ್ತೆ ಮಾಡಿದರು. ಡಾಕ್ಟರು ಅದನ್ನು ಮನೆಯಿಂದ ದವಾಖಾನೆಗೆ, ದವಾಖಾನೆಯಿಂದ ಮನೆಗೆ ಬಿಟ್ಟರೆ ಬೇರೆಲ್ಲಿಗೂ ಒಯ್ದಿರಲಿಲ್ಲ. ಕೀಲಿಕೈ ಕೊಡುವಾಗ, "ಬಿ.ಪಿ., ಶುಗರ್ ಎಲ್ಲಾ ನಾರ್ಮಲ್ ಐತ್ರಿ" ಎಂದು ನಕ್ಕರು. ನಾವೂ ನಕ್ಕೆವು. ತಜ್ಞರು ತಮಾಷೆ ಮಾಡಿದಾಗ ನಗುವುದು ನಮ್ಮ ಕಡೆಯ ಪದ್ಧತಿ, ಪ್ರಶ್ನೆ ಕೇಳುವುದಲ್ಲ.

ಈ ವರ್ಷ ದೀಪಾವಳಿ ಮುಗಿದ ಮೇಲೆ ಕಾರಿಗೆ ಅದೇನಾಯಿತೋ, ಝಟಕಾ ಹೊಡೆಯತೊಡಗಿತು. ವೇಗದ ಮುಳ್ಳು ನಲವತ್ತರ ಹತ್ತಿರ ಬಂದೊಡನೆ, ಒಳಗಿನ ಗೇರು ತಾನಾಗಿ ಬದಲಾಗುವ ಹೊತ್ತಿಗೆ, ಹಿಂದಿನಿಂದ ಎಮ್ಮೆಯೊಂದು ಸೀಟಿಗೆ ಹಾಯ್ದಂತೆ ಒಂದು ಗುದ್ದು. ನಿಂತ ಕಾರನ್ನು ಹೊರಡಿಸಿದರೆ, ಮೊದಲು ಏನೂ ಇಲ್ಲ, ಯೋಚನೆ ಮಾಡುತ್ತದೆ. ಆಮೇಲೆ ಒಮ್ಮೆಲೆ ಮುಂದಕ್ಕೆ ಜಿಗಿಯುತ್ತದೆ. ನನ್ನ ಜೊತೆ ದಿನಾ ಇಬ್ಬರು ಬರುತ್ತಿದ್ದರು: ಗಣಿತದ ಪಾಟೀಲ ಸರ್ ಮತ್ತು ಹಿಂದಿಯ ಸುನಂದಾ ಟೀಚರ್. ಪಾಟೀಲ ಸರ್ ಶಾಲೆಯಲ್ಲಿ ಇಳಿದ ಮೇಲೆ ಒಂದು ಚೀಟಿಯ ಮೇಲೆ ನಮ್ಮ ಮೂವರ ತೂಕ, ಕಾರಿನ ತೂಕ, ವೇಗ ಎಲ್ಲ ಹಾಕಿ ಲೆಕ್ಕ ಮಾಡಿ, "ಲೆಕ್ಕದ ಪ್ರಕಾರ ಝಟಕಾ ಬರಾಕ ಕಾರಣ ಇಲ್ರಿ ಮೇಡಂ" ಎಂದರು. ಹಾಗೆನ್ನುವಾಗ ಅವರು ಕುತ್ತಿಗೆ ತಿಕ್ಕಿಕೊಳ್ಳುತ್ತಿದ್ದರು. ಒಂದು ದಿನ ಸುನಂದಾ ಟೀಚರ ತೊಡೆಯ ಮೇಲಿದ್ದ ಡಬ್ಬಿಯ ಮುಚ್ಚಳ ಹಾರಿ, ಮೊಸರು ಅವರ ಹೊಸ ಇಳಕಲ್ ಸೀರೆಯ ಮೇಲೆ ಬಿತ್ತು. ಮರುದಿನ ಅವರು, ಬಸ್ಸಿನಲ್ಲಿ ಕಿಟಕಿ ಪಕ್ಕ ಗಾಳಿ ಚೆನ್ನಾಗಿ ಬರುತ್ತದೆಂದು ಫೋನಿನಲ್ಲಿ ಹೇಳಿದರು. ಒಂದು ವಾರಕ್ಕೆ ಪಾಟೀಲ ಸರ್‌ಗೂ ಬಸ್‌ಸ್ಟ್ಯಾಂಡಿನವರೆಗೆ ನಡೆಯಬೇಕೆಂದು ಡಾಕ್ಟರು ಹೇಳಿದರಂತೆ.

ಸವದತ್ತಿಯ ಮೆಕ್ಯಾನಿಕ್ಕಿನ ಬಳಿ ಒಯ್ದೆ. ಅವನ ಮುಂದೆ ಕಾರು ಬೆಣ್ಣೆಯ ಮೇಲೆ ಚಾಕು ಸರಿದಂತೆ ಓಡಿತು. ಇನ್‌ಸ್ಪೆಕ್ಟರು ಬಂದ ದಿನ ನಮ್ಮ ಎಂಟನೆಯ ತರಗತಿ ಕೂಡ ಹೀಗೆಯೇ ಇರುತ್ತದೆ. "ಗಾಡಿ ಮಸ್ತ್ ಐತಿ ಮೇಡಮ್ಮರ" ಎಂದು ಬಾನೆಟ್ ತೆಗೆದು ನೋಡಿ, ಮತ್ತೆ ಮುಚ್ಚಿ, ಕೊನೆಗೆ ನಿಜ ಹೇಳಿದ: "ನಾವು ಗೇರಿನ ಗಾಡಿ ಮಂದಿರಿ. ಇದರೊಳಗ ಕೈ ಹಾಕಾಕ ನನಗ ಧೈರ್ಯ ಇಲ್ಲ. ರಾಮದುರ್ಗದಾಗ ದಸ್ತಗೀರಸಾಬ್ರು ಅಂತ ಅದಾರು. ಮಸ್ಕತ್ತಿನಾಗ ಬರೇ ಇಂಥಾ ಗಾಡೀನ ರಿಪೇರಿ ಮಾಡಿ ಬಂದಾರು. ಅವರಿಗೆ ತೋರಸ್ರಿ."

ನಮ್ಮ ಮನೆಯವರಿಗೆ ಇದನ್ನು ಹೇಳಿದೆ. ಅವರು ಟ್ರ್ಯಾಕ್ಟರ್, ಜೀಪು, ಟೆಂಪೋ ಎಲ್ಲಾ ಓಡಿಸಿದವರು; ಈ ಕಾರನ್ನು ಮಾತ್ರ ಒಮ್ಮೆಯೂ ಮುಟ್ಟಿರಲಿಲ್ಲ. ಗೇರಿಲ್ಲದ ಗಾಡಿ ಓಡಿಸುವುದು ಗಂಡಸರಿಗೆ ಶೋಭೆಯಲ್ಲವೆಂದು ಅವರ ಅಭಿಪ್ರಾಯ. ರೊಟ್ಟಿ ಮುರಿಯುತ್ತ ಅವರು, "ಗಾಡ್ಯಾಗ ಏನೂ ಆಗಿಲ್ಲ ಶೈಲಾ. ದೋಷ ಓಡಸೋರ ಕಾಲಾಗ ಐತಿ" ಎಂದರು.

"ನೀವು ಒಂದ ದಿನಾನೂ ಕುಂತು ನೋಡಿಲ್ಲ. ಹೆಂಗ ಹೇಳತೀರಿ?" ಎಂದೆ.

"ನೋಡೂದೇನೈತಿ? ಕಿತ್ತೂರಿನಿಂದ ಒಬ್ರು ರವಿವಾರ ಗಾಡಿ ನೋಡಾಕ ಬರ್ತೇನಿ ಅಂದಾರು. ಕೊಟ್ಟು ಬಿಡೂಣು. ಬಸ್ಸು ಏನು ನಿಂತಾವೇನು?"

ಬಸ್ಸು ನಿಂತಿರಲಿಲ್ಲ, ನಿಜ. ಆದರೆ ನಾನು ಅವರಿಗೆ ಹೇಳಿರದ ಒಂದು ಸಂಗತಿಯಿತ್ತು. ಸಂಜೆ ಆಫೀಸಿನ ಕೆಲಸಕ್ಕೆ ಹಿಂದುಳಿದು ಒಬ್ಬಳೇ ಬರುವ ದಿನಗಳಲ್ಲಿ ನಾನು ಮುನವಳ್ಳಿಯ ಹೊರಗೆ ಒಂದು ಚಹಾದಂಗಡಿಯ ಮುಂದೆ ಕಾರು ನಿಲ್ಲಿಸುತ್ತಿದ್ದೆ. ಒಳಗೇ ಕುಳಿತು ಒಂದು ಕಪ್ ಚಹಾ ಕುಡಿಯುತ್ತಿದ್ದೆ. ಹತ್ತು ನಿಮಿಷ. ಆ ಹತ್ತು ನಿಮಿಷ ನಾನು ಯಾರ ಹೆಡ್‌ಮೇಡಮ್ಮೂ ಅಲ್ಲ, ಯಾರ ಸೊಸೆಯೂ ಅಲ್ಲ. ಯಾರೂ ಸಹಿ ಕೇಳುವುದಿಲ್ಲ, ಯಾರೂ ಸಾರಿಗೆ ಉಪ್ಪು ಸಾಲದು ಅನ್ನುವುದಿಲ್ಲ. ಐವತ್ತು ವರ್ಷದಲ್ಲಿ ನಾನು ಹೊರಗೆ ಒಬ್ಬಳೇ ಕುಳಿತು ಚಹಾ ಕುಡಿದವಳಲ್ಲ. ಕಾರು ಹೋದರೆ ಅದೂ ಹೋಗುತ್ತದೆ. ಅಂದು ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದವಳೇ, "ಶನಿವಾರ ಮಧ್ಯಾಹ್ನ ರಾಮದುರ್ಗಕ್ಕ ಹೋಗೂಣು. ಅವರೂ ಕಾಲಿಂದ ದೋಷ ಅಂದ್ರ ನಾನ ಕೀಲಿಕೈ ಕೊಡತೇನಿ" ಎಂದೆ. ಅವರು ಒಪ್ಪಿದರು. ರಾಮದುರ್ಗದಲ್ಲಿ ತಮ್ಮ ತಂಗಿಯ ಮನೆಯಿರುವುದರಿಂದ ನಮ್ಮ ಅತ್ತೆಯೂ ಒಂದು ಡಬ್ಬಿ ಅವಲಕ್ಕಿ ಚೂಡಾ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕುಳಿತರು.

"ನಾ ಓಡಸತೇನಿ, ನೋಡು" ಎಂದು ನಮ್ಮ ಮನೆಯವರು ಮುಂದೆ ಕುಳಿತರು. ಊರು ದಾಟುವವರೆಗೆ ಎಲ್ಲ ಸರಿಯಿತ್ತು. ಒಂದು ಹಂಪ್ ಬಂತು. ಮೂವತ್ತು ವರ್ಷ ಕ್ಲಚ್ಚು ತುಳಿದ ಕಾಲು. ಹಂಪ್ ಕಂಡೊಡನೆ ಅವರ ಎಡಗಾಲು ಕ್ಲಚ್ಚು ಹುಡುಕುತ್ತ ಹೋಗಿ, ಅದರ ಜಾಗದವರೆಗೆ ಚಾಚಿಕೊಂಡಿದ್ದ ಅಗಲವಾದ ಬ್ರೇಕನ್ನು ಪೂರ್ತಿ ಬಲದಿಂದ ತುಳಿಯಿತು. ಕಾರು ಇದ್ದ ಜಾಗದಲ್ಲೇ ನಿಂತಿತು. ನಾವು ನಿಲ್ಲಲಿಲ್ಲ. ನನ್ನ ಬೆಲ್ಟು ನನ್ನನ್ನು ಹಿಡಿಯಿತು. ಅತ್ತೆಯ ಹಣೆ ಮುಂದಿನ ಸೀಟಿನ ಬೆನ್ನಿಗೆ ತಾಗಿತು. ಚೂಡಾ ನಮ್ಮೆಲ್ಲರ ಮೇಲೆ ಅಕ್ಷತೆಯಂತೆ ಬಿತ್ತು. ಅತ್ತೆ ಕೂದಲಿನಿಂದ ಒಂದು ಶೇಂಗಾ ತೆಗೆದು ಬಾಯಿಗೆ ಹಾಕಿಕೊಂಡು, "ಯಾಕೋ ಯಪ್ಪಾ, ಮುಂದ ಯಾರರ ಅಡ್ಡ ಬಂದ್ರೇನು?" ಎಂದು ಕೇಳಿದರು. ಯಾರೂ ಅಡ್ಡ ಬಂದಿರಲಿಲ್ಲ. ಮುನವಳ್ಳಿ ಬರುವುದರೊಳಗೆ ಇದು ಇನ್ನೆರಡು ಸಲ ಆಯಿತು. ಆಮೇಲೆ ಅವರು ಕಾರನ್ನು ಬದಿಗೆ ನಿಲ್ಲಿಸಿ, "ನನಗೊಂದು ಫೋನ್ ಮಾಡೂದೈತಿ, ನೀ ಹೊಡಿ" ಎಂದು ಇಳಿದರು. ನಾನು ಸೀಟು ಬದಲಿಸಿ ಕುಳಿತೆ. ಮುಖದ ಮೇಲೆ ಏನೂ ತೋರಿಸಬಾರದೆಂದು ಬಹಳ ಪ್ರಯತ್ನಪಟ್ಟೆ. ಕನ್ನಡಿಯಲ್ಲಿ ನೋಡಿದರೆ ತೋರುತ್ತಿತ್ತು. ಅಲ್ಲಿಂದ ರಾಮದುರ್ಗದವರೆಗೆ ನಲವತ್ತಕ್ಕೊಂದರಂತೆ ಝಟಕಾ ಹೊಡೆಯುತ್ತ ಹೋದೆವು. ಒಂದೊಂದಕ್ಕೂ ಅವರು ಹಿಡಿಕೆ ಹಿಡಿದುಕೊಂಡರು.

ದಸ್ತಗೀರಸಾಬರು ಅರವತ್ತು ದಾಟಿದ, ಬಿಳಿ ಗಡ್ಡದ, ಅವಸರವಿಲ್ಲದ ಮನುಷ್ಯ. ಬಾನೆಟ್ಟಿನ ಒಳಗಿಂದ ಒಂದು ಉದ್ದನೆಯ ಕಡ್ಡಿ ಎಳೆದು, ಬಿಳಿ ಅರಿವೆಯ ಮೇಲೆ ಒರೆಸಿದರು. ಕಪ್ಪು ಕಲೆ. ಮೂಸಿ ನೋಡಿ, ನನ್ನ ಮೂಗಿನ ಹತ್ತಿರವೂ ತಂದರು. ಫೋನಿನಲ್ಲಿ ಮಾತನಾಡುತ್ತ ಮರೆತುಬಿಟ್ಟ ಒಗ್ಗರಣೆಯ ವಾಸನೆ.

"ಇದು ಗೇರಿನ ಪೆಟಿಗ್ಯಾಗಿನ ಎಣ್ಣಿರಿ ಅಕ್ಕಾರ. ಕೆಂಪಗ ಇರಬೇಕು. ಯಾವಾಗ ಬದಲಿ ಮಾಡಿಸೀರಿ?"

"ಡಾಕ್ಟರು ಒಮ್ಮೆನೂ ಮಾಡಿಸಿಲ್ಲಂತ್ರಿ. ಈ ಗಾಡೀಗೆ ಅದು ಬೇಕಾಗೂದಿಲ್ಲ ಅಂದಿದ್ರು."

"ಹದಿನಾರು ವರ್ಷ ಒಂದ ಎಣ್ಣ್ಯಾಗ ಕರದ್ರ ಭಜಿ ಹೆಂಗಾಗತೈತಿ ಹೇಳ್ರಿ" ಎಂದರು ಸಾಬರು.

ನಾನು ನಮ್ಮ ಮನೆಯವರ ಕಡೆ ತಿರುಗಿದೆ. ಪರೀಕ್ಷೆಯ ಫಲಿತಾಂಶ ಹಚ್ಚಿದ ದಿನ ಬೋರ್ಡಿನ ಮುಂದೆ ನಿಂತವರನ್ನು ನಾನು ನೋಡುವ ರೀತಿಯೊಂದಿದೆ, ಹಾಗೆ ನೋಡಿದೆ. ಅವರು ಆಕಾಶ ನೋಡಿ, ಅವ್ವನನ್ನು ಚಿಗವ್ವನ ಮನೆಗೆ ಬಿಟ್ಟು ಬರುತ್ತೇನೆಂದು ಆಟೋ ಕರೆದರು. ಎಣ್ಣೆ ಇಳಿಸಿ, ಜಾಲರಿ ಬದಲಿಸಿ, ಹೊಸದು ಹಾಕಿ, ಸ್ವಲ್ಪ ಓಡಿಸಿ, ಮತ್ತೆ ಇಳಿಸಿ ಮತ್ತೆ ಹಾಕಲು ಎರಡು ತಾಸು ಹಿಡಿಯಿತು. ಆ ಎರಡು ತಾಸು ನಾನು ಸ್ಟೂಲಿನ ಮೇಲೆ ಕುಳಿತು, ಸೋಮವಾರ ಸ್ಟಾಫ್‌ರೂಮಿನಲ್ಲಿ ಈ ಸುದ್ದಿಯನ್ನು ಯಾವ ಮಾತಿನಿಂದ ಶುರು ಮಾಡಬೇಕೆಂದು ಯೋಚಿಸಿದೆ.

ಆಮೇಲೆ ಸಾಬರು ಪಕ್ಕದಲ್ಲಿ ಕುಳಿತು, "ತೊರಗಲ್ ಕಡೆ ಹೊಡೀರಿ" ಎಂದರು. ನಲವತ್ತು ಬಂತು, ದಾಟಿತು. ಎಮ್ಮೆ ಹಾಯಲಿಲ್ಲ. ಆದರೆ ಸಣ್ಣದೊಂದು ತೊನೆದಾಟ ಉಳಿದೇ ಇತ್ತು. ಬಿಟ್ಟು ಬಿಟ್ಟು ಯಾರೋ ಸೆರಗು ಜಗ್ಗಿದ ಹಾಗೆ. ಸಾಬರು ರಸ್ತೆ ನೋಡುತ್ತಿರಲಿಲ್ಲ. ಬಗ್ಗಿ ಕೆಳಗೆ ನೋಡುತ್ತಿದ್ದರು.

"ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ಎಡಗಾಲು ಎಲ್ಲಿಟ್ಟೀರಿ?"

ನಾನೂ ನೋಡಿದೆ. ಎಡಗಾಲು ಬ್ರೇಕಿನ ಮೇಲಿತ್ತು. ಯಾವಾಗ ಹೋಗಿ ಅಲ್ಲಿ ಕುಳಿತಿತೋ ನನಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ಅಲ್ಲೇ ಇದ್ದಿರಬೇಕು.

"ಚಕ್ರ ಬಿಚ್ಚಿ ನೋಡಿದಾಗನ ಬ್ರೇಕ್ ಇಷ್ಟ್ಯಾಕ ಸವದಾವು ಅನಿಸಿತ್ತು. ಬಲಗಾಲಲೆ ಹೋಗು ಅಂತೀರಿ, ಎಡಗಾಲಲೆ ನಿಲ್ಲು ಅಂತೀರಿ. ಗಾಡಿ ಯಾರ ಮಾತು ಕೇಳಬೇಕ್ರಿ?" ಅವರ ದನಿಯಲ್ಲಿ ತಮಾಷೆ ಇರಲಿಲ್ಲ, ನಿಜವಾಗಿಯೂ ಕಾರಿನ ಪರವಾಗಿ ಕೇಳುತ್ತಿದ್ದರು.

ನಾನು ಕಾರು ನಿಲ್ಲಿಸಿದೆ. ಕೀಲಿಕೈ ಕೊಡುತ್ತೇನೆಂದ ನನ್ನ ಪಂಥ ನೆನಪಾಯಿತು. "ಹಂಗಾರ ದೋಷ ಎಣ್ಣೀದೋ, ಕಾಲಿಂದೋ?" ಎಂದೆ.

"ದೊಡ್ಡ ಝಟಕಾ ಎಣ್ಣೀದು. ಸಣ್ಣುವು ನಿಮ್ಮವು."

ಮಕ್ಕಳು ಅಂಕ ಬೇಡಿದಾಗ ನಾನು ಒಂದು ದಿನವೂ ಕರಗಿದವಳಲ್ಲ. ಅಂದು ರಸ್ತೆ ಬದಿಯಲ್ಲಿ ಒಬ್ಬ ಅಪರಿಚಿತ ಹಿರಿಯರ ಮುಂದೆ ತಲೆ ತಗ್ಗಿಸಿ, "ಸಾಬ್ರ, ನಮ್ಮ ಮನಿಯವರ ಮುಂದ ದೊಡ್ಡುವಷ್ಟ ಹೇಳ್ರಿ" ಎಂದು ಬೇಡಿಕೊಂಡೆ. ಅವರು ಗಡ್ಡದೊಳಗೇ ನಕ್ಕು, ಎಡಗಾಲಿನ ಚಪ್ಪಲಿ ತೆಗೆಸಿದರು. ಬರಿಗಾಲು ಸೀಟಿನ ಕೆಳಗೆ ಹಿಂದಕ್ಕೆ ಎಳೆದುಕೊಂಡು ಕುಳಿತರೆ, ಅದು ಮುಂದೆ ಹೊರಟಾಗ ನನಗೇ ತಿಳಿಯುತ್ತದಂತೆ. ತಿಳಿಯಿತು. ಗ್ಯಾರೇಜು ಮುಟ್ಟುವವರೆಗೆ ಅದು ಐದು ಸಲ ಹೊರಟಿತ್ತು.

ನಮ್ಮ ಮನೆಯವರು ಅತ್ತೆಯನ್ನು ಕರೆದುಕೊಂಡು ಬಂದಾಗ ಸಾಬರು ಕೈ ಒರೆಸಿಕೊಳ್ಳುತ್ತ, "ಎಣ್ಣಿ ಸುಟ್ಟು ಕರ್ರಗಾಗಿತ್ರಿ ಸಾವಕಾರ್ರ. ಈಗ ಗಾಡಿ ಚಲೋ ಐತಿ" ಎಂದಷ್ಟೇ ಹೇಳಿದರು. ಸುಳ್ಳಲ್ಲ. ಹಿಂದಿರುಗುವಾಗ ಕಟಕೋಳ ಬರುವುದರೊಳಗೆ ಅತ್ತೆ ನಿದ್ದೆಹೋದರು. ನಮ್ಮ ಮನೆಯವರು ತಾವಾಗಿಯೇ ಕಿತ್ತೂರಿನವರಿಗೆ ಫೋನು ಮಾಡಿ ಗಾಡಿ ಕೊಡುವುದಿಲ್ಲವೆಂದರು. ಆಮೇಲೆ ನನಗೆ, "ಎಣ್ಣಿ ಇರಬೇಕು ಅಂತ ನನಗ ಮೊದಲ ಅನಿಸಿತ್ತು" ಎಂದರು. ಬೇರೆ ದಿನವಾಗಿದ್ದರೆ ಆ ಮಾತನ್ನು ನಾನು ಸುಮ್ಮನೆ ಬಿಡುತ್ತಿರಲಿಲ್ಲ. ಅಂದು, "ಇರಬೇಕ್ರಿ" ಎಂದೆ. ಕಾಲಿನ ವಿಷಯ ಇಂದಿಗೂ ಅವರಿಗೆ ಗೊತ್ತಿಲ್ಲ. ಅವರು ಪ್ರಬಂಧಗಳನ್ನು ಓದುವುದಿಲ್ಲವಾದ್ದರಿಂದ ಇಲ್ಲಿ ಬರೆಯಲು ಅಡ್ಡಿಯಿಲ್ಲ.

ಪಾಟೀಲ ಸರ್, ಸುನಂದಾ ಟೀಚರ್ ಇಬ್ಬರೂ ವಾರದೊಳಗೆ ಮರಳಿ ಬಂದರು. ಮೊದಲ ದಿನ ಹಿಡಿಕೆ ಗಟ್ಟಿಯಾಗಿ ಹಿಡಿದು ಕುಳಿತರು. ಎರಡನೆಯ ದಿನ ಕೈ ಸಡಿಲಾಯಿತು. ಮೂರನೆಯ ದಿನ ಮಾತು ಶುರುವಾಯಿತು. ಶನಿವಾರದ ಸ್ಟಾಫ್ ಮೀಟಿಂಗ್ ಯಾರಿಗೂ ಅನುಕೂಲವಿಲ್ಲವೆಂದು ಪಾಟೀಲ ಸರ್ ಹೇಳಿದರು. ಟೈಮ್‌ಟೇಬಲ್ಲಿನಲ್ಲಿ ಹಿಂದಿಗೆ ಯಾವಾಗಲೂ ಊಟದ ನಂತರದ ಪಿರಿಯಡ್ಡೇ ಏಕೆಂದು ಸುನಂದಾ ಟೀಚರ್ ಕೇಳಿದರು. ಪ್ರಾರ್ಥನೆಯ ಹೊತ್ತಿನ ನನ್ನ ಹಿತವಚನ ಮುಗಿಯುವುದರೊಳಗೆ ಮಕ್ಕಳು ಬಿಸಿಲಿಗೆ ಬಾಡುತ್ತಾರೆಂದು ಇಬ್ಬರೂ ಕೂಡಿಯೇ ಹೇಳಿದರು. ನನಗೆ ಆಶ್ಚರ್ಯವಾಯಿತು. ಝಟಕಾದ ದಿನಗಳಲ್ಲಿ ಇದೇ ಕಾರಿನಲ್ಲಿ ನಾನು ಎಷ್ಟೋ ಯೋಜನೆಗಳನ್ನು ಇವರ ಮುಂದಿಟ್ಟಿದ್ದೆ. ಒಂದಕ್ಕೂ ಎದುರು ಮಾತು ಬಂದಿರಲಿಲ್ಲ. ನನ್ನ ಮಾತಿಗೆ ಸಿಬ್ಬಂದಿ ಎಷ್ಟು ಬೆಲೆ ಕೊಡುತ್ತಾರೆಂದು ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಆಗ ಅವರು ನಾಲಿಗೆ ಕಚ್ಚಿಕೊಳ್ಳದಿರಲೆಂದು ಬಾಯಿ ಮುಚ್ಚಿ ಕುಳಿತಿದ್ದರೆಂದು ಈಗ ತಿಳಿಯಿತು.

ಮರುದಿನ ಪ್ರಾರ್ಥನೆಯಲ್ಲಿ ನಾನು ಎರಡೇ ಮಾತು ಹೇಳಿ ಮೈಕು ಕೆಳಗಿಟ್ಟೆ. ಸಂಜೆ ಕಾರಿನಲ್ಲಿ ಪಾಟೀಲ ಸರ್ ಗಂಭೀರವಾಗಿ, "ಮೇಡಂ, ಇವತ್ತಿನ ನಿಮ್ಮ ಭಾಷಣ ಭಾಳ ಚಲೋ ಇತ್ರಿ" ಎಂದರು.

"ಯಾವ ಮಾತು ಚಲೋ ಅನಿಸ್ತು ಸರ್?" ಎಂದು ನಾನು ಸ್ವಲ್ಪ ಆಸೆಯಿಂದಲೇ ಕೇಳಿದೆ.

ಅವರು ಬಹಳ ಹೊತ್ತು ನೆನಪು ಮಾಡಿಕೊಳ್ಳಲು ನೋಡಿದರು. "ಮಾತು ನೆನಪಿಲ್ರಿ ಮೇಡಂ" ಎಂದರು. "ಲಗೂ ಮುಗೀತಲ್ರಿ, ಅದ."