ಮೊಣಕೈ ಬಗ್ಗಬಾರದು!

ಪುಣೆಯ ಖರಾಡಿಯಲ್ಲಿರುವ ನಮ್ಮ ಕಾಕಾನ ಮನೆಗೆ ಹೋದರೆ ಚಹಾ ಸಿಗುತ್ತದೋ ಇಲ್ಲವೋ, ಜೋಳದ ಚೀಲದ ಪ್ರಾಣ ಉಳಿಸುವ ಭಾಗ್ಯವಂತೂ ಖಂಡಿತ! ಅಪ್ಪನ ತಮ್ಮನಾದ ಈ ಮಹಾನುಭಾವರು ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದಾಗ, ನಿಂತ ಹೃದಯವನ್ನು ಎದೆಯೊತ್ತಿ ನಡೆಸುವ ತರಬೇತಿಗೆ ಹೋಗಿ ಬಂದರು. ಅಂದಿನಿಂದ ಅವರಿಗೆ ಮನುಷ್ಯರಲ್ಲಿ ಎರಡೇ ಜಾತಿ: ಒತ್ತುವಾಗ ಮೊಣಕೈ ಬಗ್ಗಿಸುವವರು, ಬಗ್ಗಿಸದವರು.

ಮನೆಗೆ ಬಂದವರೆಲ್ಲ ಜೋಳದ ಚೀಲವನ್ನೇ ರೋಗಿಯೆಂದು ಒತ್ತಿ ತೋರಿಸಬೇಕು. ಕಟ್ಟಡದ ವಾಚ್‌ಮನ್ ಒಂದೇ ಕೈಯಲ್ಲಿ ಒತ್ತಿದ. ಹತ್ತಕ್ಕೆ ನಾಲ್ಕು ಅಂಕ. ನಾನು ಚೀಲವನ್ನು ಮಂಚದ ಹಾಸಿಗೆಯ ಮೇಲಿಟ್ಟು ಒತ್ತಿದೆ. ಕಾಕಾ ಗದರಿದರು: "ಗಾದಿ ಬದುಕಸಾಕತ್ತಿಯೇನೋ? ನೆಲಕ್ಕ ಇಳಸು!" ಸೊನ್ನೆ. ಅವರ ಹೆಂಡತಿ, ನಮ್ಮ ಕಾಕುಗೆ ಒಂದೂವರೆ. "ರೊಟ್ಟಿ ಹಿಟ್ಟು ನಾದಿದಂಗ ಮೊಣಕೈ ಬಗ್ಗಸ್ತಾಳ!"

"ಹಳೇ ಪದ್ಧತಿಯೊಳಗ ನಡುನಡುವ ಬಾಯಿಗೆ ಬಾಯಿ ಹಚ್ಚಿ ಉಸರು ಊದಬೇಕು. ನಮ್ಮಂಥವ್ರಿಗೆ ಈಗ ಬರೀ ಕೈ ಸಾಕಂತಾರ," ಎಂದು ಕಾಕಾ ಪಾಠ ಮುಂದುವರಿಸಿದರು.

"ಹೊಸದ ಭಾಳ ಛಲೋ ಅದ ರೀ," ಎಂದರು ಕಾಕು. "ನಿಮ್ಮ ತಂಬಾಕಿನ ಬಾಯಿಗೆ ಯಾರು ಬಾಯಿ ಹಚ್ಚತಾರ?"

ಕಾಕಾನ ಹೃದಯಕ್ಕೆ ಆಗಲೇ ಒಂದು ಸ್ಟೆಂಟ್ ಬಿದ್ದಿತ್ತು. ಹಾಗಾಗಿ ಕಾಕುಗೆ ಕಲಿಸಿಯೇ ತೀರುವ ಹಟ. ಪರೀಕ್ಷೆಗೆಂದು ಆಗಾಗ ಧೊಪ್ಪನೆ ಬೀಳುತ್ತಿದ್ದರು. ಎಂಥ ನಟ ಅಂತೀರಿ! ಬೀಳುವ ಮುಂಚೆ ಕನ್ನಡಕ ತೆಗೆದು ಜೋಪಾನವಾಗಿ ಮೇಜಿನ ಮೇಲಿಡುತ್ತಿದ್ದರು. ಕಾಕು ಓಡಿ ಬಂದು ಮೂಗಿಗೆ ಉಳ್ಳಾಗಡ್ಡಿ ಹಿಡಿದರೆ ರೋಗಿ ಎದ್ದು ಕೂತು ಬೈಯುವುದು! "ದೌಂಡ ಸ್ಟೇಷನ್‌ನ್ಯಾಗ ಅಣ್ಣ ಬಿದ್ದಾಗೂ ನಾ ಇದನ್ನ ಹಿಡದಿದ್ದೆ. ಎದ್ದನೇನು?"

ಆ ಅಣ್ಣ ನನ್ನ ಅಪ್ಪ. ಅವರು ಹೋದ ಮೇಲೆಯೇ ಕಾಕಾ ತರಬೇತಿಗೆ ಹೋದದ್ದು.

ಕಳೆದ ತಿಂಗಳು ಒಂದು ಭಾನುವಾರ ಮತ್ತೆ ಧೊಪ್ಪೆಂದಿತು. ನಾನು ಮೊಬೈಲಿನಿಂದ ತಲೆಯೆತ್ತಲಿಲ್ಲ. ಹಿಟ್ಟಿನ ಕೈಯಲ್ಲೇ ಬಂದ ಕಾಕು ಬಾಗಿಲಲ್ಲಿ ಗಕ್ಕನೆ ನಿಂತರು.

"ಚಷ್ಮಾ ತಗದಿಲ್ಲೋ ಇವರು! ಅಂಬುಲೆನ್ಸಿಗೆ ಫೋನ್ ಹಚ್ಚು!"

ಮುಖದ ಕೆಳಗೆ ಕನ್ನಡಕ ಒಡೆದು ಬಿದ್ದಿತ್ತು. ನಾನು ಫೋನ್ ಮಾಡಿದೆ. ಅವರನ್ನು ಅಂಗಾತ ಹೊರಳಿಸಿ, ಮಂಡಿನೋವಿನ ಕಾಕು ನೆಲಕ್ಕೆ ಮಂಡಿಯೂರಿ ಒತ್ತಿದರು, ಒತ್ತಿದರು, ಅಂಬುಲೆನ್ಸ್ ಬರುವವರೆಗೂ ಒತ್ತಿದರು. ಕಾಕಾನ ಅಂಗಿಯ ಮೇಲೆಲ್ಲ ಜೋಳದ ಹಿಟ್ಟು. ನಾನು ಹೆದರಿ ಅಳುತ್ತಿದ್ದೆ.

ಮೂರನೆಯ ದಿನ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವರು ಕೇಳಿದ ಮೊದಲ ಮಾತು: "ಮೊಣಕೈ?"

"ಬಗ್ಗಲಿಲ್ಲ ರೀ," ಎಂದರು ಕಾಕು.

ಅಂಕ ಕೊಡುತ್ತಾರೆಂದು ಕಾದೆ. ಕಾಕಾ ನನ್ನತ್ತ ತಿರುಗಿದರು. ಕಣ್ಣು ತುಂಬಿತ್ತು. "ಹಂಗಾರ ಆವತ್ತ ನಾ ಹಿಂಗ ಒತ್ತಿದ್ರ ನಿಮ್ಮಪ್ಪನೂ ಉಳೀತಿದ್ದನೇನೋ..."

"ನೀವು ಉಳದ್ರಲ್ಲ ಕಾಕಾ, ಸಾಕು," ಎಂದು ಅವರ ಕೈ ಹಿಡಿದುಕೊಂಡೆ.